ಅಂಗನವಾಡಿಯ ಕುಬುಸಕ್ಕೆ ನಮ್ಮವರೂ ಹೋಗಲಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮೋತ್ಸವ. ಅದೇ ಸೆಪ್ಟೆಂಬರ್ ತಿಂಗಳನ್ನು ಸರ್ಕಾರವು 2018ರಿಂದ ಪೋಷಣ ಮಾಸವೆಂದು ಆಚರಿಸುತ್ತ ಬಂದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೆ ಸಾಮೂಹಿಕ ಸೀಮಂತ, ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ಕುಬುಸ, ನೆರವೇರುತ್ತದೆ; ಆರು ತಿಂಗಳು ತುಂಬಿದ ಕೂಸುಗಳಿಗೆ ಅನ್ನಪ್ರಾಶನವೂ ಆಗುತ್ತದೆ. ಕರೆ ಬಂದಾಗ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೆಲವು ಹಿಂದೇಟು ಹಾಕುವುದನ್ನು ನಾವು ಬಲ್ಲೆವು. ‘ಅದು ಅವರ ಶಾಸ್ತ್ರ, ನಮಗೇಕೆ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕ್ರಿಯೆಯೊಂದರ ಗುಣವನ್ನು ಅಳೆಯುವಾಗ ಅದರ ವಿಷಯವನ್ನೂ ಮಾಡುವವರ ಉದ್ದೇಶವನ್ನೂ ನೋಡಬೇಕೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವುದರಲ್ಲಿ ಆರಾಧನೆಯಿಲ್ಲ. ಬರಲಿರುವ ಜೀವಕ್ಕೆ ಊರು ತೋರುವ ಸಂತೋಷವಿದೆ. ಆರತಿಯ ಮಾತೆತ್ತಿದರೆ, 1969ರಲ್ಲಿ ಭಾರತದ ಬಲಿಪೂಜೆಗೆ ರೋಮ್ ಒಪ್ಪಿದ ಹನ್ನೆರಡು ಮಾರ್ಪಾಡುಗಳಲ್ಲಿ ಅದೂ ಒಂದು. ದೇವತಾಪಟಕ್ಕೆ ಪೂಜೆ ನಡೆದರೆ ನಮ್ಮವರು ಗೌರವದಿಂದ ಸುಮ್ಮನೆ ನಿಂತಿರಲಿ. ನೆರೆಯವರು ಅದಕ್ಕೆ ಮುನಿಯುವಷ್ಟು ಸಣ್ಣವರಲ್ಲ.

ಲೂಕರ ಶುಭಸಂದೇಶದಲ್ಲಿ ಮರಿಯಮ್ಮನವರು ಗರ್ಭಿಣಿ ಎಲಿಜಬೇತಮ್ಮನವರನ್ನು ಕಾಣಲು ಗುಡ್ಡಗಾಡಿಗೆ ಅವಸರದಿಂದ ಹೋಗಿ, ಸುಮಾರು ಮೂರು ತಿಂಗಳು ಅಲ್ಲಿ ತಂಗಿದರು. (ಮನೆಯ ಯಜಮಾನ ಜಕರೀಯರು ಆಗ ಮೂಕರಾಗಿದ್ದುದರಿಂದ ಗಂಡಸರ ಬುದ್ಧಿವಾದವಿಲ್ಲದೆ ದಿನಗಳು ನೆಮ್ಮದಿಯಾಗಿಯೇ ಕಳೆದಿರಬೇಕು.)

ಆದರೆ ನಮ್ಮ ಕಳವಳ ಶಾಸ್ತ್ರಕ್ಕಿಂತ ಹೆಚ್ಚಾಗಿ ರಕ್ತದ ಕುರಿತಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಇಂಥವರಿಗೆ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದರೆ ತಾಯಿಯ ಪ್ರಾಣಕ್ಕೇ ಅಪಾಯ. ಮಗ್ಗದ ಮುಂದೆ ದಿನವಿಡೀ ದುಡಿಯುವವಳಿಗೂ, ಕಬ್ಬಿನ ಹೊಲದಲ್ಲಿ ಸೊಂಟ ಬಗ್ಗಿಸುವವಳಿಗೂ ತನ್ನ ದಣಿವು ಬೇನೆಯೆಂದು ಹೊಳೆಯುವುದೇ ಇಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಕಾಲದಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾಯಿತೆಂದು ಹೆದರಿ ಬಿಡುವವರಿದ್ದಾರೆ, ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಬಿಡಿಸುವ ಅತ್ತೆಯರಿದ್ದಾರೆ, ಚಹಾದೊಡನೆ ನುಂಗಿ ಅದರ ಫಲವನ್ನೇ ಕುಗ್ಗಿಸಿಕೊಳ್ಳುವವರೂ ಇದ್ದಾರೆ. ಹುಟ್ಟಿದ ಒಂದು ಗಂಟೆಯೊಳಗೆ ಕೊಡಬೇಕಾದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಬೆಲ್ಲದ ನೀರು ಹಾಕುವ ರೂಢಿಯೂ ಪೂರ್ತಿ ಅಳಿದಿಲ್ಲ. ಅಂಗನವಾಡಿಯ ಚಾಪೆಯ ಮೇಲೆ ಹತ್ತು ಹೆಂಗಸರ ನಡುವೆ ಕುಳಿತಾಗ ಇವುಗಳ ಮಾತು ಬರುತ್ತದೆ. ಬಾಗಿಲು ಹಾಕಿಕೊಂಡ ಮನೆಯಲ್ಲಿ ಬರುವುದಿಲ್ಲ. ಬಾಣಂತಿಯರೂ ಬಸುರಿಯರೂ ಅಂಗನವಾಡಿಯಲ್ಲಿ ಜೊತೆಗೆ ಕುಳಿತು ಅನ್ನ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಉಣ್ಣಲಿ ಎಂಬ ಆಶಯದಿಂದಲೇ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭಗೊಂಡಿತು.

ಗಂಡಂದಿರು ಹೊರಗೆ ಬೈಕಿನ ಮೇಲೆ ಕುಳಿತು ಕಾಯುವುದು ಸಾಲದು, ಒಳಗೆ ಬರಲಿ. ಅದೇ 1969ರಲ್ಲಿ ಪ್ರಕಟವಾದ ಶಿಶುಗಳ ಜ್ಞಾನಸ್ನಾನದ ಹೊಸ ವಿಧಿಯಲ್ಲಿ ಧರ್ಮಸಭೆಯು ತಾಯಿಗೆ ಆಶೀರ್ವಾದ ನೀಡಿದ ಬೆನ್ನಲ್ಲೇ ತಂದೆಗೂ ಪ್ರತ್ಯೇಕ ಆಶೀರ್ವಾದವನ್ನಿರಿಸಿತು. ಆ ಆಶೀರ್ವಾದಕ್ಕೆ ತಲೆಬಾಗುವವನು ಹೆಂಡತಿಯ ಹಿಮೋಗ್ಲೋಬಿನ್ ಎಷ್ಟೆಂಬುದನ್ನು ಮೊದಲೇ ತಿಳಿದಿರಬೇಡವೇ?

ನಮ್ಮಲ್ಲಿ ಚೊಚ್ಚಲು ಹೆರಿಗೆ ತವರಿನಲ್ಲಿ. ಕುಬುಸ ಮುಗಿಸಿ ಹೊರಟವಳ ಪೆಟ್ಟಿಗೆಯಲ್ಲಿ ಸೀರೆಗಳಿರುತ್ತವೆ, ತಾಯಿ ಕಾರ್ಡ್ ಮಾತ್ರ ಗಂಡನ ಮನೆಯಲ್ಲೇ ಉಳಿದಿರುತ್ತದೆ. ಅದನ್ನು ಒಯ್ದು ತವರೂರಿನ ಆಶಾ ಕಾರ್ಯಕರ್ತೆಗೆ ತೋರಿಸಿದರೆ ಅಲ್ಲಿನ ತಪಾಸಣೆ ಮೊದಲಿನಿಂದ ಆರಂಭವಾಗಬೇಕಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯ ವ್ಯವಸ್ಥೆ 2016ರಿಂದ ಇದೆ. ಸೆಪ್ಟೆಂಬರಿನಲ್ಲಿ ಅದು ಮರಿಯಮ್ಮನವರ ಹಬ್ಬದ ಮರುದಿನವೇ ಬರುತ್ತದೆ.