ಪರದೆಯ ವಿಮಾನ ಮುಗ್ಗರಿಸುವುದೇಕೆ?

ಸಿನೆಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅವು ಮೊದಲೇ ತೆಗೆದಿಟ್ಟವು. ಕಂಪ್ಯೂಟರಿನ ವಿಮಾನದಾಟದಲ್ಲಿ ಹಾಗಲ್ಲ. ಪ್ರತಿ ಚಿತ್ರವನ್ನೂ ಆಗಿಂದಾಗ್ಗೆ ರಚಿಸಬೇಕು. ಸೆಕೆಂಡಿಗೆ 30 ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್ ಮಾತ್ರ.

ತಿಕೋಟಾದ ದ್ರಾಕ್ಷಿ ತೋಟ, ಬಬಲೇಶ್ವರದ ಹೊಲಗಳ ಮೇಲೆ ಸರಾಗವಾಗಿ ಸಾಗಿದ ವಿಮಾನ ವಿಜಯಪುರ ನಗರದ ಮೇಲೆ ಮುಗ್ಗರಿಸಬಹುದು. ಕಟ್ಟಡ, ನೆರಳು ಹೆಚ್ಚಿದಷ್ಟೂ ಲೆಕ್ಕ ಹೆಚ್ಚು. ಸಮಯ ಮಾತ್ರ ಅಷ್ಟೇ. ನೆಲಕ್ಕಿಳಿಯುವ ಗಳಿಗೆಯಲ್ಲಿ ಚಿತ್ರ ತಡವಾದರೆ ಕೈಯ ಅಂದಾಜೂ ತಪ್ಪುತ್ತದೆ.

ಉಪಾಯ ಸರಳ. ನೆರಳು, ಮೋಡ, ದೂರದ ಕಟ್ಟಡಗಳ ವಿವರವನ್ನು ಒಂದೊಂದಾಗಿ ತಗ್ಗಿಸಿ ನೋಡಿ. ವೇಗಕ್ಕೆ 30ರ ಮಿತಿ ಹಾಕಿ. ಒಮ್ಮೆ 60, ಒಮ್ಮೆ 20 ಎಂದು ಏರಿಳಿಯುವುದಕ್ಕಿಂತ ಸದಾ 30 ಇರುವುದೇ ಕಣ್ಣಿಗೆ ಹಿತ. ಹೊಸ ಕಂಪ್ಯೂಟರಿಗಾಗಿ ಅಪ್ಪನನ್ನು ಕಾಡುವ ಮುನ್ನ ಈ ಖರ್ಚಿಲ್ಲದ ಪ್ರಯೋಗ ಮಾಡಿ.