ಹೊಸ ಡಿಸ್ಕ್ ಹಾಕುವುದೂ ಒಂದು ಪಾಠ

ಕಳೆದ ಮಳೆಗಾಲದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳ ಲ್ಯಾಪ್‌ಟಾಪ್ ಕೈಕೊಟ್ಟಿತು. ಬನವಾಸಿ ಕಡೆಯ ಪ್ರೌಢಶಾಲೆಗೆ ದಿನವೂ ಶಿರಸಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು. ಎರಡು ವಾರದಿಂದ ಯಂತ್ರ ನಿಧಾನವಾಗಿತ್ತು, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಅದು ಹಾರ್ಡ್ ಡಿಸ್ಕ್ ಕೆಡುವ ಸೂಚನೆ ಎಂದು ಅವಳಿಗೂ ಗೊತ್ತಿರಲಿಲ್ಲ; ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಪಾಠ ಅವಲೋಕಿಸುತ್ತಿದ್ದ ನನಗೂ ಹೊಳೆಯಲಿಲ್ಲ.

ಅಂಗಡಿಗೆ ಕೊಟ್ಟಳು. ಎರಡು ದಿನದಲ್ಲಿ ಹೊಸ ಎಸ್‌ಎಸ್‌ಡಿ, ಹೊಸ ವಿಂಡೋಸ್ ಹಾಕಿಕೊಟ್ಟರು. ಲ್ಯಾಪ್‌ಟಾಪ್ ಕ್ಷಣದಲ್ಲಿ ಆನ್ ಆಗುತ್ತಿತ್ತು, ಆದರೆ ಒಳಗೆ ಏನೂ ಇರಲಿಲ್ಲ. "ಸರ್, ನನ್ನ ಪಾಠಯೋಜನೆಗಳೆಲ್ಲ ಎಲ್ಲಿ ಹೋದವು?" ಎಂದು ಕೇಳಿದಳು. ಅಂತಿಮ ಪಾಠಕ್ಕೆ ಒಂಬತ್ತೇ ದಿನ ಉಳಿದಿತ್ತು.

"ಹಳೇ ಡಿಸ್ಕ್ ಎಲ್ಲಿದೆ?" ಎಂದೆ. "ಅದನ್ನು ಕೇಳಿ ತಗೊಳ್ಳಲಿಲ್ಲ ಸರ್."

ಮರುದಿನ ಇಬ್ಬರೂ ಹೋದೆವು. ಅಂಗಡಿಯವರು ರಟ್ಟಿನ ಪೆಟ್ಟಿಗೆಯಿಂದ ಡಿಸ್ಕ್ ತೆಗೆದು, "ಇದು ಬೇಕಿತ್ತಾ? ಹಾಳಾಗಿದ್ದಲ್ವಾ ಅಂತ ಇಟ್ಟಿದ್ದೆ" ಎಂದರು. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ಜೋಡಿಸಿದಾಗ ಮೂರನೇ ಸಲಕ್ಕೆ ತೆರೆದುಕೊಂಡಿತು. 24 ಪಾಠಯೋಜನೆಗಳಲ್ಲಿ 19 ಸಿಕ್ಕವು. ತೆರೆದು ನೋಡಿದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಇದ್ದವು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದವು ಅವು. ಹೊಸ ವಿಂಡೋಸಿನಲ್ಲಿ ನುಡಿ ಇರಲಿಲ್ಲ. ನುಡಿ ಹಾಕಿದ ಮೇಲೆ ಕನ್ನಡ ಮರಳಿತು.

ಅಂಗಡಿಯವರನ್ನು ದೂರಲಾರೆ. ಯಂತ್ರ ಸರಿಮಾಡಲು ಹೇಳಿದೆವು, ಮಾಡಿಕೊಟ್ಟರು. ತಪ್ಪು ಇದ್ದದ್ದು ಐಸಿಟಿ ಕಲಿಸುವ ನಮ್ಮಲ್ಲಿ. ಡಿಸ್ಕ್ ಬದಲಿಸಿ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸವನ್ನು ಪ್ರತಿ ಪ್ರಶಿಕ್ಷಣಾರ್ಥಿಯೂ ಒಮ್ಮೆ ತನ್ನ ಕೈಯಾರೆ ಮಾಡಬೇಕು, ಅದೂ ಇಂಟರ್ನ್‌ಶಿಪ್‌ಗೆ ಹೋಗುವ ಮೊದಲೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಪತ್ರಿಕೆ ಪಠ್ಯಕ್ರಮದಲ್ಲಿ ಬಂತು. ನಾವು ಮಾಡಿಸುತ್ತಿರುವುದು ಹೆಚ್ಚಾಗಿ ಸ್ಲೈಡ್ ತಯಾರಿಕೆ ಮತ್ತು ದಾಖಲೆ ಪುಸ್ತಕ. ಡಿಸ್ಕ್, ಆಪರೇಟಿಂಗ್ ಸಿಸ್ಟಂ ಮತ್ತು ಕಡತಗಳು ಮೂರು ಬೇರೆ ಬೇರೆ ವಸ್ತುಗಳು ಎಂಬ ಮೊದಲ ಪರಿಕಲ್ಪನೆಯೇ ಮೂಡದಿದ್ದರೆ ಅದು ಯಾವ ವಿಮರ್ಶೆ? ನಾನು ತರಗತಿಯಲ್ಲಿ ಹೀಗೆ ಹೇಳುತ್ತೇನೆ: ಡಿಸ್ಕ್ ಎಂದರೆ ಶಾಲೆಯ ಕಟ್ಟಡ; ಆಪರೇಟಿಂಗ್ ಸಿಸ್ಟಂ ಎಂದರೆ ವೇಳಾಪಟ್ಟಿ, ಗಂಟೆ, ಹಾಜರಿಯ ವ್ಯವಸ್ಥೆ; ಕಡತಗಳೆಂದರೆ ಮಕ್ಕಳು ಬರೆದ ನೋಟ್‌ಬುಕ್. ಹೊಸ ಕಟ್ಟಡ ಕಟ್ಟಿ ವೇಳಾಪಟ್ಟಿ ತೂಗುಹಾಕಿದ ಮಾತ್ರಕ್ಕೆ ನೋಟ್‌ಬುಕ್‌ಗಳು ಮರಳಿ ಬರುವುದಿಲ್ಲ.

"ನಾವು ಶಿಕ್ಷಕರು, ಮೆಕ್ಯಾನಿಕ್‌ಗಳಲ್ಲ" ಎಂಬ ಆಕ್ಷೇಪವನ್ನು ಸಹೋದ್ಯೋಗಿಗಳಿಂದ ಕೇಳಿದ್ದೇನೆ. ಒಪ್ಪುತ್ತೇನೆ. ಮದರ್‌ಬೋರ್ಡ್ ರಿಪೇರಿ ಕಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮವರು ನಾಳೆ ಹೋಗುವುದು ಯಲ್ಲಾಪುರ, ಸಿದ್ದಾಪುರದ ಒಳಹಳ್ಳಿಯ ಶಾಲೆಗಳಿಗೆ. ಮಳೆಗಾಲದ ಸಿಡಿಲು, ಏರಿಳಿಯುವ ಕರೆಂಟು, ಗೋಡೆಯ ತೇವ ಇವೆಲ್ಲ ಯಂತ್ರಗಳನ್ನು ಕೆಡಿಸುತ್ತವೆ. ಒಂದು ಡಿಸ್ಕ್ ಹೋಯಿತೆಂದು ಕಂಪ್ಯೂಟರ್ ಮೂಲೆ ಸೇರಿದರೆ ನಷ್ಟ ಮಕ್ಕಳದ್ದು. ಪೇಟೆಯಿಂದ ಜನ ಬರುವವರೆಗೆ ಕಾಯಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟಾದರೂ ತಿಳಿವಳಿಕೆ ಶಿಕ್ಷಕರಿಗೆ ಬೇಕು.

ಈ ಕೆಲಸ ಒಂದು ಮಧ್ಯಾಹ್ನದ್ದು. ಕಾಲೇಜಿನ ಹಳೆಯದೊಂದು ಲ್ಯಾಪ್‌ಟಾಪ್, ಒಂದು 2.5 ಇಂಚಿನ ಎಸ್‌ಎಸ್‌ಡಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್, ಸಣ್ಣ ಸ್ಕ್ರೂಡ್ರೈವರ್, ಯುಎಸ್‌ಬಿ ಕೇಸ್ ಇಷ್ಟು ಸಾಕು. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವನ್ನು ಬೂಟ್ ಆಗುವಂತೆ ಸಿದ್ಧಪಡಿಸಬೇಕು. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆಂದು ಮೊದಲೇ ಎಚ್ಚರಿಸಬೇಕು. ಚಾರ್ಜರ್ ತೆಗೆದು, ಬ್ಯಾಟರಿ ಸಂಪರ್ಕ ಬಿಡಿಸಿ ಡಿಸ್ಕ್ ಬದಲಿಸಬೇಕು. ಕಂಪನಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವ್‌ನಿಂದ ಆರಂಭಿಸಬೇಕು. ಆ ಹೊತ್ತಿನಲ್ಲಿ ಹಳೆಯ ಡಿಸ್ಕ್ ಜೋಡಿಸಿರಬಾರದು. ಜಾಗ ಆರಿಸುವಾಗ ಕೈತಪ್ಪಿದರೆ ಉಳಿದದ್ದೂ ಹೋಗುತ್ತದೆ. ಸಿಸ್ಟಂ ನಿಂತ ಮೇಲೆ ಡ್ರೈವರ್, ಆಮೇಲೆ ಕನ್ನಡ, ಕೊನೆಗೆ ಹಳೆಯ ಕಡತ.

ಇದರಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಕಲಿಸಬೇಕು. ಒಂದು, ಪರವಾನಗಿ. ವಿಂಡೋಸ್ 8ರ ಕಾಲದಿಂದೀಚೆಗೆ ವಿಂಡೋಸ್ ಸಹಿತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಡಿಸ್ಕ್ ಬದಲಾದರೂ ಅದೇ ಆವೃತ್ತಿಯನ್ನು ಹಾಕಿದರೆ ಮತ್ತೆ ಹಣ ಕೊಡಬೇಕಿಲ್ಲ, ಕಳ್ಳಪ್ರತಿಯೂ ಬೇಕಿಲ್ಲ. ಎರಡು, ಕನ್ನಡ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಯುನಿಕೋಡ್‌ನಲ್ಲಿ ಬರೆದದ್ದು ಇಂದಿನ ಯಾವ ಸಿಸ್ಟಂನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ನುಡಿ ಫಾಂಟಿನ ಬರಹ ಆ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿಯೇ ಈಗ ಯುನಿಕೋಡ್ ಇದೆ, ಕೀಲಿಮಣೆಯೂ ಕೈಗೆ ಅಭ್ಯಾಸವಾದದ್ದೇ. ಆದ್ದರಿಂದ ಪಾಠಯೋಜನೆಗಳನ್ನು ಯುನಿಕೋಡ್‌ನಲ್ಲೇ ಬರೆಯಬೇಕೆಂಬ ನಿಯಮವನ್ನು ನಾವು ಈ ವರ್ಷದಿಂದಲೇ ಮಾಡಬಹುದು.

ಯಾವ ಸಿಸ್ಟಂ ಹಾಕಬೇಕೆಂಬುದೂ ಈಗ ನಿಜವಾದ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಮತ್ತು ಹೊಸ ಪ್ರೊಸೆಸರ್ ಅನೇಕ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿಲ್ಲ. ಅವುಗಳನ್ನು ಎಸೆಯಬೇಕಿಲ್ಲ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧಾರಿತ ಗ್ನೂ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಆ ವ್ಯವಸ್ಥೆಯಲ್ಲೇ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಬಳಸಿದ್ದಾರೆ. ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ, ಡಿಸ್ಕ್ ಮುಟ್ಟದೆ ಪರೀಕ್ಷಿಸಬಹುದು. ವಿಂಡೋಸ್ ಏಳದಿದ್ದರೂ ಡಿಸ್ಕ್ ಜೀವಂತವಿದ್ದರೆ, ಗೂಢಲಿಪಿಯ ಬೀಗ ಹಾಕಿರದಿದ್ದರೆ, ಹಾಗೆಯೇ ಕಡತಗಳನ್ನು ಹೊರತೆಗೆಯಲೂಬಹುದು.

ಬೋಧನೆಯ ದೃಷ್ಟಿಯಿಂದ ಈ ಮಧ್ಯಾಹ್ನಕ್ಕೆ ಇನ್ನೊಂದು ಬೆಲೆಯಿದೆ. ಕಳೆದ ಸಲ ನಾವು ಇದನ್ನು ಮಾಡಿಸಿದಾಗ, ತರಗತಿಯಲ್ಲಿ ಧೈರ್ಯವಾಗಿ ಪಾಠ ಮಾಡುವವರ ಕೈಯೂ 'ಫಾರ್ಮ್ಯಾಟ್' ಎಂಬ ಗುಂಡಿಯ ಮುಂದೆ ನಡುಗಿತು. ಹಿಂದೆ ನಿಂತವರು "ಒತ್ತು, ಒತ್ತು" ಎಂದು ಅವಸರಪಡಿಸಿದರು. ಒಬ್ಬ ಮೌಸನ್ನೇ ಕಿತ್ತುಕೊಂಡ. ಗಣಿತದ ಲೆಕ್ಕದ ಮುಂದೆ ಹೆದರಿ ನಿಂತ ಹುಡುಗನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ನಾವೇ ಬಿಡಿಸಿಬಿಡುತ್ತೇವಲ್ಲ, ಅದೇ ತಪ್ಪು. ಅಂದಿನ ಅವಲೋಕನದ ಚರ್ಚೆ ಕಂಪ್ಯೂಟರಿನಿಂದ ಶುರುವಾಗಿ ಆ ಹುಡುಗನಲ್ಲಿ ಮುಗಿಯಿತು.

ಬನವಾಸಿಯನ್ನು ಹಾಡಿದ ಪಂಪನ ಕಾವ್ಯ 10ನೇ ಶತಮಾನದ್ದು. ಅವನ ಕೈಬರಹದ ಗರಿ ಉಳಿದಿಲ್ಲ. ಗರಿ ಹಾಳಾಗುವ ಮೊದಲು ಯಾರೋ ಹೊಸ ಗರಿಗೆ ನಕಲು ಮಾಡುತ್ತ ಬಂದದ್ದರಿಂದ ಕಾವ್ಯ ಉಳಿಯಿತು. ಡಿಸ್ಕ್ ಕೂಡ ಗರಿಯಂತೆಯೇ, ಒಂದು ದಿನ ಹೋಗುವಂಥದ್ದು.

ಆದ್ದರಿಂದ ನನ್ನ ಸಲಹೆ ಮೂರು. ಇಂಟರ್ನ್‌ಶಿಪ್‌ಗೆ ಮೊದಲು ಈ ಒಂದು ಮಧ್ಯಾಹ್ನವನ್ನು ವೇಳಾಪಟ್ಟಿಯಲ್ಲಿ ಸೇರಿಸೋಣ. ಪಾಠಯೋಜನೆಗೆ ಸಹಿ ಹಾಕುವಾಗ "ನಕಲು ಎಲ್ಲಿದೆ?" ಎಂದು ಕೇಳೋಣ. ಅಂಗಡಿಗೆ ಯಂತ್ರ ಕೊಡುವಾಗ ಹಳೆಯ ಡಿಸ್ಕ್ ಕೇಳಿ ಪಡೆಯುವಂತೆ ಹೇಳೋಣ. ಆ ಪ್ರಶಿಕ್ಷಣಾರ್ಥಿ ಕಳೆದುಹೋದ ಐದು ಪಾಠಯೋಜನೆಗಳನ್ನು ಮತ್ತೆ ಬರೆದಳು, ಅಂತಿಮ ಪಾಠವನ್ನೂ ಚೆನ್ನಾಗಿ ಮಾಡಿದಳು. ಆ ರಾತ್ರಿಗಳ ನಿದ್ದೆಗೆಟ್ಟ ದುಡಿಮೆಯನ್ನು ನಾವು ಮೊದಲೇ ಕಲಿಸಿದ್ದರೆ ತಪ್ಪಿಸಬಹುದಿತ್ತು.