ಹೆಗಲು ಮುಟ್ಟಿ ನೋಡಿಕೊಂಡಾಗ

ಹೊರೆ, ಹೊಣೆ ಎರಡನ್ನೂ ಹೊರುವ ಅಂಗವೆಂದು ನಮ್ಮ ನುಡಿ ಹೆಗಲಿಗೆ ದೊಡ್ಡ ಗೌರವವನ್ನೇ ಸಲ್ಲಿಸಿದೆ. ಆದರೆ ಅದರೊಳಗೆ ಏನಿದೆಯೆಂದು ನಾನು ಯೋಚಿಸಿದ್ದು, ಕಳೆದ ವರ್ಷ ದೀಪಾವಳಿ ಕಳೆದು ಅಟ್ಟದಿಂದ ಪುಸ್ತಕದ ಪೆಟ್ಟಿಗೆ ಇಳಿಸುವಾಗ ಬಲಭುಜದಲ್ಲಿ ಚಳಕು ಹೊಡೆದ ಮೇಲೆಯೇ. ರಾತ್ರಿ ಆ ಮಗ್ಗುಲಿಗೆ ಮಲಗುವಂತಿಲ್ಲ. ಹಗಲು ಕಪ್ಪುಹಲಗೆಯ ಮೇಲೆ ಒಂದು ಸಾಲು ಬರೆಯುವಂತಿಲ್ಲ.

ವೈದ್ಯರು ಚಿತ್ರ ಬರೆದು ತಿಳಿಸಿದರು. ತೋಳಿನ ಮೂಳೆಯ ಗುಂಡುತಲೆ ಕುಳಿತಿರುವ ಬಟ್ಟಲು ಆಳವಿಲ್ಲದ್ದು. ತಲೆ ಅದರಿಂದ ಜಾರದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ಅಂಗಿಯ ತೋಳುಪಟ್ಟಿಯಂತೆ ಸುತ್ತಿ ಹಿಡಿದಿವೆ. ಮೇಲಿನ ರಜ್ಜುವಿಗೆ ಎಲುಬಿನದೊಂದು ಸೂರು. ಕೈಯೆತ್ತಿದಂತೆಲ್ಲ ಅವೆರಡರ ನಡುವಣ ಎಡೆ ಕಿರಿದಾಗುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಧೂಮಪಾನಗಳು ರಜ್ಜುವನ್ನು ದುರ್ಬಲಗೊಳಿಸುತ್ತವೆ. ದಿನವಿಡೀ ಕೈಯೆತ್ತಿ ಮಾಡುವ ಕೆಲಸ ಅದನ್ನು ಸವೆಸುತ್ತದೆ. ಸವೆದ ಹಗ್ಗ ಒಂದು ದಿನ ಹರಿಯುತ್ತದೆ.

ನನ್ನದು ಪೂರ್ತಿ ಹರಿದಿರಲಿಲ್ಲ. ಆರು ವಾರ ಕೈಯನ್ನು ಹೆಗಲಿಗಿಂತ ಮೇಲೆತ್ತಬಾರದು, ಹೇಳಿದ ವ್ಯಾಯಾಮ ತಪ್ಪಿಸಬಾರದು ಎಂದು ಅಪ್ಪಣೆಯಾಯಿತು. ಸಂಬಳ ಸಹಿತ ರಜೆ ದೊರೆಯಿತು. ಮನೆಯಾಕೆ ಅಂಗಿ ತೊಡಿಸಿದಳು, ಮಗ ಪುಸ್ತಕ ಎತ್ತಿಕೊಟ್ಟ. ಹೆಗಲು ಗುಣವಾಯಿತು.

ಆ ದಿನ ಅದೇ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದವನು, ಹಬ್ಬದ ಮುಂಚೆ ನಮ್ಮ ಮನೆಗೆ ಬಣ್ಣ ಬಳಿದಾತ, ಐವತ್ತು ದಾಟಿದವನು. ಅವನಿಗೂ ಅದೇ ನೋವು, ಅದೇ ಅಪ್ಪಣೆ. ಹೊರಬಂದವನು ಮೆಲ್ಲನೆ ನಕ್ಕು, “ಕೈ ಎತ್ತಬೇಡ ಅಂದರು ಸ್ವಾಮಿ. ಗೋಡೆ ತಗ್ಗುತ್ತದೆಯೇ?” ಎಂದ. ಮಾರನೆಯ ದಿನವೇ ಅವನು ಏಣಿಯ ಮೇಲಿದ್ದ.

ಇದು ಹೊಸ ಸಂಗತಿಯಲ್ಲ. ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಹೆಗಲನ್ನು ಕುರಿತೇ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿ, ಕೂಲಿಕಾರರ ಭುಜ ಬಹುಕಾಲ ಕೆಲಸಕ್ಕೆ ಬಾರದಂತಾಗುವುದಕ್ಕೆ ಈ ರಜ್ಜು ಹರಿಯುವುದು ಮುಖ್ಯ ಕಾರಣವೆಂದು ಎತ್ತಿ ತೋರಿಸಿದ. ಪೂರ್ತಿ ಹರಿದದ್ದನ್ನು ಬಹುಕಾಲ ಹಾಗೆಯೇ ಬಿಟ್ಟರೆ ಸ್ನಾಯು ಸೊರಗಿ, ಅದರೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಹೊಲಿದರೂ ಕೂಡಿಕೊಳ್ಳುವುದು ಕಷ್ಟ. ಹೊಲಿಸಿಕೊಂಡವನೂ ಕೆಲವು ವಾರ ಕೈಯನ್ನು ಜೋಲಿಯಲ್ಲಿಟ್ಟು, ಭಾರದ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಂದಿನ ಕೂಲಿ ಅಂದೇ ಉಣ್ಣುವವನು ತಡವಾಗಿ ಬರುತ್ತಾನೆ, ಬೇಗನೆ ಏಣಿಗೆ ಮರಳುತ್ತಾನೆ. ಎರಡೂ ಅವನ ರಜ್ಜುವಿಗೆ ಶತ್ರುಗಳೇ. ಔಷಧದ ಚೀಟಿ ನಮ್ಮಿಬ್ಬರಿಗೂ ಒಂದೇ; ಅದನ್ನು ಪಾಲಿಸುವ ಅನುಕೂಲ ಮಾತ್ರ ಒಬ್ಬನಿಗೆ.

ಶಾಸನವಿಲ್ಲವೇ ಎನ್ನಬಹುದು. ಕೆಲಸಗಾರರ ಪರಿಹಾರ ಕಾಯಿದೆ ನಮ್ಮಲ್ಲಿ 1923ರಲ್ಲೇ ಬಂತು. ಆದರೆ ಯಜಮಾನನ ವ್ಯಾಪಾರೋದ್ಯಮಕ್ಕಲ್ಲದೆ ಆಗೊಮ್ಮೆ ಈಗೊಮ್ಮೆ ಕರೆಸಿಕೊಂಡ ಕೂಲಿಯವನನ್ನು ಅದು ಕೆಲಸಗಾರನೆಂದೇ ಎಣಿಸಲಿಲ್ಲ. ಆ ಮಾತನ್ನು ತೆಗೆದುಹಾಕಿದ್ದು 2000ದ ತಿದ್ದುಪಡಿ. ಅದೂ ಇರಲಿ. ಏಣಿಯಿಂದ ಬಿದ್ದರೆ ದಿನ, ಮನೆ, ಸಾಕ್ಷಿಗಳುಂಟು. ನೂರು ಮನೆಗಳ ಗೋಡೆಗಳಲ್ಲಿ ಎಳೆ ಎಳೆಯಾಗಿ ಸವೆದ ರಜ್ಜುವಿಗೆ ಯಾವ ಮನೆಯವನು ಹೊಣೆ?

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯುಂಟಷ್ಟೆ? ಆ ಬೆಂಚಿನ ಮೇಲೆ ನಾನು ಮುಟ್ಟಿಕೊಂಡದ್ದು ನೋವಿನ ಹೆಗಲನ್ನೋ, ಆ ಹೆಗಲನ್ನೋ ತಿಳಿಯದು. ನಮ್ಮ ಹಜಾರದಲ್ಲಿ ಅವನು ಆಗಾಗ ಕುಂಚ ಕೆಳಗಿಟ್ಟು ಭುಜ ನೀವಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. ಹಬ್ಬ ಹತ್ತಿರವಾಯಿತೆಂದು ಅವಸರಪಡಿಸಿದ್ದೆ. ಒಂದು ದಿನ ಬಾರದಿದ್ದುದಕ್ಕೆ ಕೂಲಿಯನ್ನೂ ಹಿಡಿದಿದ್ದೆ.

ಆ ಕೂಲಿಯನ್ನು ಈಚೆಗೆ ಕೊಟ್ಟೆನಾದರೂ ಹರಿದ ಎಳೆ ಅದರಿಂದ ಕೂಡಲಿಲ್ಲ. ವಾಚಕರು ಬಣ್ಣದವನನ್ನು ಕರೆಸುವಾಗ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕರೆಸಿರಿ. ಕೈ ಎದೆಯ ಮಟ್ಟದಲ್ಲಿ ಆಡುವಂತೆ ಎತ್ತರದ ಅಟ್ಟಣೆ ಹಾಕಿಸಿರಿ. ಭುಜ ನೀವಿಕೊಂಡವನಿಗೆ ಒಂದು ದಿನದ ವಿಶ್ರಾಂತಿಯನ್ನು ಕೂಲಿ ಸಹಿತ ಕೊಡಿರಿ. ಗೋಡೆ ತಗ್ಗದು, ನಿಜ. ನಮ್ಮ ಅವಸರವಾದರೂ ತಗ್ಗಬಹುದು.